ಪ್ರೀತಿ, ದೇಹ, ಲೈಂಗಿಕತೆ: ಪ್ರಥಮ ಪಿಯು ತರಗತಿಗಳ ಬಗ್ಗೆ ಪೋಷಕರಿಗೆ ಪತ್ರ

ಕೋಲಾರ

ಮಾನ್ಯ ಪೋಷಕರೇ, ನಮಸ್ಕಾರ.

ಬರುವ ವಾರದಿಂದ ನೀತಿ ಪಾಠದ ಪೀರಿಯಡ್‌ನಲ್ಲಿ ಪ್ರಥಮ ಪಿಯು ಮಕ್ಕಳೊಂದಿಗೆ ಪ್ರೀತಿ, ದೇಹ, ಲೈಂಗಿಕತೆಯ ಬಗ್ಗೆ ಮಾತಾಡುತ್ತೇವೆ. ಒಟ್ಟು ಆರು ತರಗತಿ. "ಕ್ರೈಸ್ತ ಕಾಲೇಜಿನಲ್ಲಿ ಇದೆಲ್ಲ ಯಾಕೆ?" ಎಂದು ಕೆಲವರು ಕೇಳಿದ್ದೀರಿ. ದೇಹ ದೇವರ ಸೃಷ್ಟಿ ಎಂದು ಬೆಳಗಿನ ಪ್ರಾರ್ಥನೆಯಲ್ಲಿ ಹೇಳಿ, ಅದೇ ದೇಹದ ಬಗ್ಗೆ ಮಕ್ಕಳು ಕೇಳಿದರೆ ಬಾಯಿ ಮುಚ್ಚಿಸುವುದು ನಮಗೆ ಒಪ್ಪಿಗೆಯಿಲ್ಲ. ದೈಹಿಕ ಸಂಬಂಧ ಮದುವೆಯೊಳಗಿನದು ಎಂಬ ಕ್ರೈಸ್ತ ಸಭೆಯ ಬೋಧನೆಯನ್ನು ಹೇಳುತ್ತೇವೆ, ನಮ್ಮ ನಂಬಿಕೆ ಎಂದೇ ಹೇಳುತ್ತೇವೆ. ವಿಜ್ಞಾನ, ಕಾನೂನುಗಳನ್ನು ಅದರೊಂದಿಗೆ ಕಲಸುವುದಿಲ್ಲ.

ಮೊದಲ ನಾಲ್ಕು ತರಗತಿ ಹುಡುಗರಿಗೆ, ಹುಡುಗಿಯರಿಗೆ ಬೇರೆ ಬೇರೆ; ಒಂದು ಗುಂಪಿನಲ್ಲಿ 30 ಮಂದಿ. ಸಭಾಂಗಣದಲ್ಲಿ ಎಲ್ಲರನ್ನೂ ಒಟ್ಟಿಗೆ ಕೂರಿಸಿದರೆ ನಗು ಬಿಟ್ಟು ಬೇರೇನೂ ಕೇಳಿಸುವುದಿಲ್ಲ. ಮುಟ್ಟು, ಸ್ವಪ್ನಸ್ಖಲನ (ನಿದ್ದೆಯಲ್ಲಿ ವೀರ್ಯ ಹೋಗುವುದು), ಗರ್ಭಧಾರಣೆ, ಎಚ್‌ಐವಿ ಬಗ್ಗೆ ವೈದ್ಯರು ವಿವರಿಸುತ್ತಾರೆ. ಸ್ವಪ್ನಸ್ಖಲನ ಕಾಯಿಲೆಯಲ್ಲ, ಅದರಿಂದ ನರದೌರ್ಬಲ್ಯ ಬರುವುದಿಲ್ಲ. "ಇಂಥ ದಿನ ಇಂಥ ಲಾಡ್ಜ್‌ನಲ್ಲಿ ಲಭ್ಯ" ಎಂಬ ನಕಲಿ ವೈದ್ಯರ ಗೋಡೆ ಜಾಹೀರಾತುಗಳು ಬದುಕಿರುವುದೇ ಈ ಭಯದ ಮೇಲೆ.

ಮಕ್ಕಳು ಹೆಸರಿಲ್ಲದೆ ಚೀಟಿ ಬರೆದು ಹಾಕುವ ಪ್ರಶ್ನೆ ಪೆಟ್ಟಿಗೆಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಪ್ರಶ್ನೆ ಇದ್ದವರು ಮಾತ್ರ ಚೀಟಿ ಹಾಕಿದರೆ ಯಾರು ಎದ್ದು ಹೋದರೆಂದು ಇಡೀ ತರಗತಿ ನೋಡುತ್ತದೆ, ಮರುದಿನ ಪೆಟ್ಟಿಗೆ ಖಾಲಿ. ಆದ್ದರಿಂದ ಎಲ್ಲರಿಗೂ ಒಂದೇ ಅಳತೆಯ ಚೀಟಿ, ಒಂದೇ ಬಣ್ಣದ ಪೆನ್ನು. ಪ್ರಶ್ನೆ ಇಲ್ಲದವರು "ಇಲ್ಲ" ಎಂದು ಬರೆದು ಮಡಚಿ ಹಾಕಬೇಕು. ಇಬ್ಬರು ಉಪನ್ಯಾಸಕರು ಮುಂಚಿತವಾಗಿ ಓದಿ ಉತ್ತರ ಸಿದ್ಧಪಡಿಸುತ್ತಾರೆ, ಆಮೇಲೆ ಚೀಟಿಗಳನ್ನು ಹರಿದು ಹಾಕುತ್ತಾರೆ. ಕೈಬರಹ ಯಾರದೆಂದು ಹುಡುಕುವುದಿಲ್ಲ. ಯಾವುದಾದರೂ ಚೀಟಿಯಲ್ಲಿ ದೌರ್ಜನ್ಯದ ಸುಳಿವಿದ್ದರೆ ಮಾತ್ರ ಅದನ್ನು ಹರಿಯದೆ ತೆಗೆದಿಡುತ್ತೇವೆ. ಇದನ್ನು ಮಕ್ಕಳಿಗೆ ಮೊದಲ ದಿನವೇ ತಿಳಿಸುತ್ತೇವೆ.

ಹಾಗೆ ತೆಗೆದಿಡಲು ಕಾರಣ ಕಾನೂನು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ, ಅವರ ಒಪ್ಪಿಗೆ ಲೆಕ್ಕಕ್ಕಿಲ್ಲ. ದೌರ್ಜನ್ಯ ತಿಳಿದ ಮೇಲೆ ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಆರು ತಿಂಗಳವರೆಗೆ ಜೈಲು. ಊರಲ್ಲಿ ಪಂಚಾಯ್ತಿ ಮಾಡಿ ಮುಗಿಸೋಣ ಎಂದು ದಯವಿಟ್ಟು ನಮ್ಮ ಬಳಿ ಬರಬೇಡಿ. ಮಕ್ಕಳ ಸಹಾಯವಾಣಿ 1098.

ಮಗುವಿನ ಫೋಟೊ ಇಟ್ಟುಕೊಂಡು ಯಾರಾದರೂ ಬೆದರಿಸಿದರೆ ಸಿಟ್ಟಿನಲ್ಲಿ ಮೊಬೈಲ್ ಒಡೆಯಬೇಡಿ, ಮೆಸೇಜ್ ಅಳಿಸಬೇಡಿ. ಸಾಕ್ಷಿ ಅದರಲ್ಲೇ ಇದೆ. ನಂಬರ್, ಪ್ರೊಫೈಲ್, ಬೆದರಿಕೆಯ ಮಾತು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ. ಆ ಫೋಟೊವನ್ನು ಮಾತ್ರ ಸಂಬಂಧಿಕರಿಗೂ, ನಮಗೂ ಕಳಿಸಬೇಡಿ; ಅದು ಕೂಡ ಅಪರಾಧ. ಹಣ ಕೊಟ್ಟರೆ ಮತ್ತೆ ಕೇಳುತ್ತಾರೆ. ನೇರ ಸೈಬರ್ ಠಾಣೆಗೆ ಹೋಗಿ.

ಹುಡುಗನಿಗೆ ಹುಡುಗನ ಮೇಲೆ, ಹುಡುಗಿಗೆ ಹುಡುಗಿಯ ಮೇಲೆ ಮನಸ್ಸಾಗುವ ವಿಷಯವೂ ಬರುತ್ತದೆ. ಸಭೆಯೊಳಗೆ ಈ ಬಗ್ಗೆ ಭಿನ್ನಾಭಿಪ್ರಾಯಗಳಿವೆ, ನಿಜ. ಆದರೆ ಅದು ರೋಗವಲ್ಲ. ಅದನ್ನು "ಸರಿಪಡಿಸುವ" ಚಿಕಿತ್ಸೆಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ವೈದ್ಯರ ವೃತ್ತಿ ದುರ್ನಡತೆ ಎಂದು ಘೋಷಿಸಿದೆ. ಅಂಥ ಮಗುವನ್ನು ಗೇಲಿ ಮಾಡಲು ನಮ್ಮ ಆವರಣದಲ್ಲಿ ಯಾರಿಗೂ ಬಿಡುವುದಿಲ್ಲ.

ಮಗಳು ಯಾರನ್ನೋ ಇಷ್ಟಪಟ್ಟಳೆಂದು ತಿಳಿದ ಕೂಡಲೇ ಕಾಲೇಜು ಬಿಡಿಸಿ ಗಂಡು ನೋಡುವುದು ನಮ್ಮ ಕಡೆ ಇನ್ನೂ ಇದೆ. 18 ತುಂಬದೆ ಮದುವೆ ಮಾಡುವುದು ಅಪರಾಧ. ಕಾಲೇಜು ಬಿಡಿಸುವ ಮುಂಚೆ ಒಮ್ಮೆ ನಮ್ಮ ಜೊತೆ ಮಾತಾಡಿ.

ಶನಿವಾರ ಮಧ್ಯಾಹ್ನ 2ಕ್ಕೆ ಪೋಷಕರ ಸಭೆ. ಪಾಠದ ಟಿಪ್ಪಣಿ, ಚಿತ್ರಗಳನ್ನೆಲ್ಲ ಮೇಜಿನ ಮೇಲೆ ಇಟ್ಟಿರುತ್ತೇವೆ, ತಿರುವಿ ನೋಡಿ. ಸಂಜೆ ಡೇರಿಗೆ ಹಾಲು ಹಾಕುವ ಹೊತ್ತಿಗೆ ಊರು ಸೇರುವಂತೆ ಮುಗಿಸುತ್ತೇವೆ. ತಾಯಂದಿರನ್ನಷ್ಟೇ ಕಳಿಸಬೇಡಿ, ತಂದೆಯರೂ ಬನ್ನಿ.

ಇತಿ,
ಪ್ರಾಂಶುಪಾಲರು