ಭಾನುವಾರದ ಚರ್ಚೆ: ಹವಾಮಾನದ ಖರ್ಚು ಯಾರದು?

ಗೆಳೆಯರೇ, ಹವಾಮಾನ ಒಪ್ಪಂದಗಳಿಗೆ ಶ್ರೀಮಂತ ದೇಶಗಳು ದುಡ್ಡು ಕೊಡಬೇಕೇ ಅನ್ನುವುದು ಈ ವಾರದ ವಿಷಯ. ಸುಮ್ನೆ ಹೌದು, ಇಲ್ಲ ಅನ್ನುವ ಮೊದಲು ಹಳೆಯ ಲೆಕ್ಕ ನೋಡಿಕೊಂಡು ಬನ್ನಿ.

2020ರ ಹೊತ್ತಿಗೆ ವರ್ಷಕ್ಕೆ 10,000 ಕೋಟಿ ಡಾಲರ್ ಎಂದು 2009ರಲ್ಲಿ ಕೋಪನ್‌ಹೇಗನ್‌ನ ಹವಾಮಾನ ಸಮ್ಮೇಳನದಲ್ಲಿ ಶ್ರೀಮಂತ ದೇಶಗಳು ಬೆಳೆಯುತ್ತಿರುವ ದೇಶಗಳಿಗೆ ಮಾತು ಕೊಟ್ಟವು. ಆ ಮೊತ್ತ ಮುಟ್ಟಿದ್ದು 2022ರಲ್ಲಿ. ಅದರಲ್ಲೂ ಜಾಸ್ತಿ ಪಾಲು ಸಾಲ! ಹೊಗೆ ಬಿಟ್ಟವರು ಯಾರೋ, ನೆರೆಯಲ್ಲಿ ಮನೆ ಕಳೆದುಕೊಂಡವರು ಯಾರೋ. ಕಳೆದುಕೊಂಡವರೇ ಬಡ್ಡಿ ಕಟ್ಟಬೇಕು ಅನ್ನುವುದು ಅನ್ಯಾಯ ಅಲ್ವಾ?

2024ರಲ್ಲಿ ಅಜೆರ್ಬೈಜಾನ್‌ನ ಬಾಕುವಿನಲ್ಲಿ ನಡೆದ ಸಮ್ಮೇಳನದಲ್ಲಿ ಹೊಸ ಗುರಿ ಬಂತು: 2035ರ ಹೊತ್ತಿಗೆ ವರ್ಷಕ್ಕೆ 30,000 ಕೋಟಿ ಡಾಲರ್. ಇದು ತೀರಾ ಕಡಿಮೆ ಎಂದು ಭಾರತ ಅಲ್ಲೇ ವಿರೋಧಿಸಿತು. ಕೊಡಲೇಬೇಕು ಅನ್ನುವುದು ನನ್ನ ನಿಲುವು. ಆದರೆ ಈಗ ಎಲ್ಲರಿಗಿಂತ ಜಾಸ್ತಿ ಹೊಗೆ ಬಿಡುವ ಚೀನಾ ಕೂಡ ಕೊಡಬೇಕೇ? ಇದಕ್ಕೆ ಯಾರಾದರೂ ಚೆನ್ನಾಗಿ ತಯಾರಾಗಿ ಬನ್ನಿ.

ಮಾತಾಡುವವರು ಶುಕ್ರವಾರದೊಳಗೆ ಇಲ್ಲೇ ಹೆಸರು ಹಾಕಿ.