ಮಾಡು ಮುಗಿಯಿತು, ಥ್ಯಾಂಕ್ಸ್ ಹೇಳೋದು ಬಾಕಿ

ಮನೆ ಮಾಡಿನ, ಅಂದರೆ ಹೆಂಚಿನ ಸೂರಿನ, ಕೆಲಸ ಅಂತೂ ಮುಗಿಯಿತು. ಆಚಾರ್ರು ಏಣಿ ಇಳಿದ ಮೇಲೆ ಒಳ್ಳೆ ಮಳೆಯೂ ಬಂದು ಹೋಯಿತು. ಅಡುಗೆಮನೆ ನೆಲದ ಮೇಲೆ ಒಂದು ಪಾತ್ರೆಯನ್ನೂ ಇಡಬೇಕಾಗಲಿಲ್ಲ. ಇದನ್ನು ಓದುತ್ತಿರುವ ಎಷ್ಟೋ ಜನ ಆ ಪಾತ್ರೆಗಳನ್ನು ದಾಟಿಕೊಂಡೇ ನಮ್ಮಲ್ಲಿ ಕಾಫಿ ಕುಡಿದವರು. ಇಷ್ಟು ವರ್ಷ ಯಾಕೆ ಹಾಗೇ ಬಿಟ್ಟಿದ್ದೆವು ಅಂತ ನಿಮಗೆಲ್ಲ ಗೊತ್ತೇ ಇದೆ. ಅಪ್ಪ ಹೋದ ಮೇಲಿನ ಕಥೆಯನ್ನು ಮತ್ತೆ ಹೇಳುವುದಿಲ್ಲ.

ಮೊದಲು ಎಲ್ಲರಿಗೂ ಒಟ್ಟಿಗೆ ಹೇಳಿಬಿಡುತ್ತೇನೆ. ಆಚಾರ್ರಿಗೆ, ಅವರ ಹುಡುಗರಿಗೆ, ದುಡ್ಡು ಕೊಟ್ಟು ಯಾವಾಗ ವಾಪಸ್ಸು ಅಂತ ಇವತ್ತಿಗೂ ಕೇಳದ ಚಿಕ್ಕಪ್ಪನಿಗೆ, ಮಕ್ಕಳನ್ನು ಹಾಸನದಲ್ಲಿ ಇಟ್ಟುಕೊಂಡ ಅತ್ತಿಗೆಗೆ, ಕೆಲಸದವರಿಗೆ ದಿನಾ ಮಧ್ಯಾಹ್ನ ಅನ್ನ ಸಾರು ಕಳಿಸಿದ ಮೇಲಿನ ಮನೆಯವರಿಗೆ, ಅಷ್ಟು ಹೆಂಚನ್ನೂ ಕೈಯಿಂದ ಕೈಗೆ ದಾಟಿಸಿದ ತೋಟದ ಕೆಲಸಗಾರರ ಲೈನ್ ಮನೆ ಹುಡುಗರಿಗೆ. ಒಂದೊಂದು ಹೆಂಚೂ ಎರಡು ಕೆಜಿಗೆ ಕಮ್ಮಿ ಇಲ್ಲ. "ಶೀಟ್ ಹಾಕ್ಸಿ, ರಗಳೆನೇ ಇಲ್ಲ" ಅಂದವರಿಗೂ ಥ್ಯಾಂಕ್ಸ್. ನಿಮ್ಮ ಕಾಳಜಿ ಗೊತ್ತಾಗುತ್ತದೆ. ಆದರೆ ಮೂಡಿಗೆರೆ ಕಡೆ ಆಷಾಢದಲ್ಲಿ ಒಂದು ಸಲ ಶೀಟಿನ ಕೆಳಗೆ ಕೂತು ನೋಡಿ. ಪಕ್ಕದಲ್ಲಿ ಕೂತವರ ಮಾತೂ ಕೇಳಿಸಲ್ಲ. ಅಮ್ಮ ಒಪ್ಪಲಿಲ್ಲ, ನಾನೂ ಒಪ್ಪಲಿಲ್ಲ. ಗೆದ್ದಲು ತಿಂದಿದ್ದ ಅಡುಗೆಮನೆ ಕಡೆ ಮಾತ್ರ ಹೆಂಚು ಹೊರುವ ಮರದ ಪಕಾಸಿ ತೆಗೆಸಿ ಕಬ್ಬಿಣದ ಪೈಪ್ ಹಾಕಿಸಿದೆವು. ಮೇಲೆ ಹೆಂಚೇ.

ಇನ್ನು ಪಿಕಪ್ ಗಾಡಿ ಓಡಿಸುವ ತಮ್ಮನ ವಿಷಯ. ಹೆಸರು ಬರೆದರೆ ನಮ್ಮ ಮನೆ ಕಡೆ ತಲೆಯೇ ಹಾಕಲ್ಲ ಅಂತ ಹೆದರಿಸಿದ್ದಾನೆ. ಹಾಗಾಗಿ ಬರೆಯಲ್ಲ. ಬಣಕಲ್‌ನಿಂದ ಕೊಟ್ಟಿಗೆಹಾರದವರೆಗೆ ಯಾರನ್ನು ಕೇಳಿದರೂ ಹೇಳುತ್ತಾರೆ.

ಅವನನ್ನು ಕರೆದಿದ್ದು ಬರೀ ಬಾಡಿಗೆಗೆ. ಒಡೆದ ಹೆಂಚಿಗೆ ಬದಲಿ ಬೇಕಿತ್ತು. ಹೆಂಚು ಅಂದರೆ ಎಲ್ಲ ಒಂದೇ ಅಂದುಕೊಳ್ಳುತ್ತೇವೆ, ಅಲ್ವಾ? ಒಂದೊಂದು ಕಾರ್ಖಾನೆಯ ಹೆಂಚಿನ ಅಳತೆಯೂ ಬೇರೆ, ಅಂಚಿನ ಕಚ್ಚೂ ಬೇರೆ. ಒಂದು ನೂಲು ಹೆಚ್ಚುಕಮ್ಮಿಯಾದರೆ ಸಾಕು, ಪಕ್ಕದ್ದರ ಜೊತೆ ಕೂರುವುದಿಲ್ಲ. ಕೂರದ ಕಡೆ ಗಾಳಿಮಳೆಯ ನೀರು ಒಳಗೆ ನುಗ್ಗುತ್ತದೆ. ನಮ್ಮದು ಘಟ್ಟದ ಕೆಳಗಿನಿಂದ ಬಂದ ಹಳೇ ಹೆಂಚು. ಮೈಮೇಲೆ ಬಾಸೆಲ್ ಮಿಷನ್ ಹೆಸರಿನ ಜೊತೆ 1865 ಅಂತ ಅಚ್ಚು ಇದೆ. ಅಪ್ಪ ಬಂದವರಿಗೆಲ್ಲ ಅದನ್ನು ತೋರಿಸಿ ಮನೆ ಅದೇ ವರ್ಷದ್ದು ಅನ್ನುತ್ತಿದ್ದರು. ಅದು ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ವರ್ಷ, ಮನೆಯದ್ದಲ್ಲ. ಅಪ್ಪನಿಗೂ ಗೊತ್ತಿತ್ತು. ಹೇಳೋಕೆ ಚೆನ್ನಾಗಿತ್ತು, ಅಷ್ಟೇ.

ಈ ತಮ್ಮ ನಮ್ಮದೊಂದು ಹೆಂಚನ್ನು ಸೀಟಿನ ಪಕ್ಕ ಇಟ್ಟುಕೊಂಡು ಓಡಾಡಿದ. ಬೇರೆ ಬಾಡಿಗೆಗೆ ಹೋದಾಗಲೂ ಎಲ್ಲಾದರೂ ಹಳೇ ಮನೆ ಬಿಚ್ಚುತ್ತಿದ್ದರೆ ಇಳಿದು ಹೋಗಿ ಜೋಡಿಸಿ ನೋಡುತ್ತಿದ್ದ. ಕಡೆಗೆ ಸಕಲೇಶಪುರದ ಕಡೆ ಒಂದು ಹಳೇ ಕಾಫಿ ಗೋಡೌನ್ ಬಿಚ್ಚುವಲ್ಲಿ ಸಿಕ್ಕಿತು. ಒಂದೊಂದನ್ನೂ ಬೆರಳ ಗೆಣ್ಣಿನಿಂದ ತಟ್ಟಿ ನೋಡಿದ್ದಾನೆ. ಠಣ್ ಅಂದಿದ್ದು ಗಾಡಿಗೆ, ಮಂಕು ಸದ್ದು ಬಂದಿದ್ದು ಅಲ್ಲೇ. ಕೂದಲೆಳೆಯ ಬಿರುಕು ಕಣ್ಣಿಗೆ ಕಾಣದಿದ್ದರೂ ಸದ್ದಿನಲ್ಲಿ ಸಿಕ್ಕಿಬೀಳುತ್ತದೆ. ಇದನ್ನೆಲ್ಲ ಮಾಡು ಅಂತ ಯಾರೂ ಅವನಿಗೆ ಹೇಳಿರಲಿಲ್ಲ.

ಆ ಲೋಡ್ ತಂದ ಸಂಜೆಯೇ ಗಾಳಿಮಳೆ ಹಿಡಿದಿದ್ದು. ಕೃತ್ತಿಕೆ ಮಳೆಯ ದಿನಗಳು. ಅಡುಗೆಮನೆ, ನಡುಮನೆ ಎರಡರ ಹೆಂಚನ್ನೂ ಇಳಿಸಿಯಾಗಿತ್ತು. ಮೇಲೆ ಟಾರ್ಪಾಲ್ ಮಾತ್ರ. ಆಚಾರ್ರು ಮನೆಗೆ ಹೋಗಿದ್ದರು. ಇವನು ಹೆಂಚು ಇಳಿಸಿ, ಬಾಡಿಗೆ ಎಣಿಸಿಕೊಂಡು, ಗಾಡಿ ತಿರುಗಿಸಿದ್ದ. ಪಡುವಣ ಕಪ್ಪಾಗಿದ್ದು ನೋಡಿ ಎಂಜಿನ್ ಆಫ್ ಮಾಡಿದ. "ಸ್ವಲ್ಪ ನೋಡ್ಕಂಡು ಹೋಗ್ತೀನಿ ಅಕ್ಕ" ಅಂದ. ಹೋಗಿದ್ದು ಮಾರನೇ ದಿನ ಬೆಳಕು ಹರಿದ ಮೇಲೆ.

ಕರೆಂಟ್ ಹೋಯಿತು. ಟಾರ್ಪಾಲಿನ ಒಂದು ಮೂಲೆ ಕಿತ್ತುಕೊಂಡು ಪಟಪಟ ಹೊಡೆಯತೊಡಗಿತು. ಅವನು ಗೋಡೆ ಹತ್ತಿ ಅದನ್ನು ಎಳೆದು ಹಗ್ಗ ಹಾಕಿ ಕಿಟಕಿ ಸರಳಿಗೆ ಬಿಗಿದ. ಕಾಳುಮೆಣಸಿನ ಚೀಲಗಳನ್ನು ಹೊತ್ತು ಮುಂದಿನ ಕೋಣೆಗೆ ಹಾಕಿದ. ಅಷ್ಟರಲ್ಲಿ ಟಾರ್ಪಾಲಿನ ನಡುವೆ ನೀರು ನಿಂತು ಗಬ್ಬದ ಎಮ್ಮೆಯ ಹೊಟ್ಟೆ ಹಾಗೆ ಜೋತುಬಿದ್ದಿತ್ತು. ಬಿಟ್ಟರೆ ಹರಿದು ಅಷ್ಟೂ ನೀರು ಒಮ್ಮೆಲೇ ಕೆಳಗೆ. ಮಾವಿನಕಾಯಿ ಕೀಳುವ ದೋಟಿಯ ತುದಿಗೆ ತನ್ನ ಟವೆಲ್ ಸುತ್ತಿ ಕಟ್ಟಿದ, ಟಾರ್ಪಾಲ್ ತೂತಾಗಬಾರದು ಅಂತ. ಕೆಳಗಿನಿಂದ ಮೆಲ್ಲಗೆ ಎತ್ತುತ್ತಾ ನೀರನ್ನು ಸೂರಿನ ಕಡೆ ಜಾರಿಸಬೇಕು. ಖಾಲಿಯಾಯಿತು ಅನ್ನುವಷ್ಟರಲ್ಲಿ ಮತ್ತೆ ತುಂಬುತ್ತಿತ್ತು. ರಾತ್ರಿಯೆಲ್ಲ ಇದೇ.

ನಡುರಾತ್ರಿ ದಾಟಿದ ಮೇಲೆ ನನ್ನ ಕೈಲಿ ಆಗಲಿಲ್ಲ. ಪ್ರತಿ ಬೇಸಿಗೆ ಹೆಂಚು ಕೈಯಾಡಿಸಿದಾಗ ಎಷ್ಟು ಬದಲಿಸಿದೆ ಅಂತ ಅಪ್ಪ ಅಡುಗೆಮನೆ ಗೋಡೆಗೆ ಪೆನ್ಸಿಲಿನಲ್ಲಿ ಬರೆದಿಡುತ್ತಿದ್ದರು. ಟಾರ್ಚ್ ಬಿಟ್ಟು ನೋಡಿದರೆ ಗೋಡೆಯ ಸುಣ್ಣದ ಜೊತೆ ಆ ಲೆಕ್ಕವೂ ಇಳಿದು ಹೋಗುತ್ತಿತ್ತು. ಅಲ್ಲೇ ಕೂತು ಜೋರಾಗಿ ಅತ್ತೆ. ಸಾಕು, ಬಿದ್ದು ಹೋಗ್ಲಿ ಈ ಮನೆ, ಮಾರಿ ಹೋಗೋಣ ಅಂದೆ. ಅಮ್ಮನ ಎದುರೇ ಅಂದೆ. ಅಮ್ಮ ಏನೂ ಮಾತಾಡಲಿಲ್ಲ. ಇವನು ದೋಟಿಯೂ ಬಿಡಲಿಲ್ಲ, ತಿರುಗಿಯೂ ನೋಡಲಿಲ್ಲ.

"ಅಳದಾದ್ರೆ ಬೆಳಿಗ್ಗೆ ಅಳಿ ಅಕ್ಕ. ಈಗ ಈ ಹಗ್ಗ ಹಿಡ್ಕಳಿ" ಅಂದ.

ಹಿಡ್ಕೊಂಡೆ. ಅವನು ಸಮಾಧಾನ ಹೇಳಿದ್ದರೆ ಇನ್ನೂ ಜಾಸ್ತಿ ಅಳುತ್ತಿದ್ದೆನೋ ಏನೋ. ಅಪ್ಪ ಹೋದಾಗ ಸಮಾಧಾನ ಹೇಳಿದವರು ಬಹಳ ಜನ, ಅದನ್ನು ತಪ್ಪು ಅನ್ನಲ್ಲ. ಕೈಗೊಂದು ಕೆಲಸ ಕೊಟ್ಟವನು ಇವನೊಬ್ಬನೇ.

ಬೆಳಿಗ್ಗೆ ಅಮ್ಮ ಅಕ್ಕಿರೊಟ್ಟಿ ತಟ್ಟಿ ಎದುರಿಗೆ ಕೂತು ತಿನ್ನಿಸಿದರು. ಅವನಿಗೆ ಅವತ್ತು ಚಿಕ್ಕಮಗಳೂರಿಗೆ ತರಕಾರಿ ಲೋಡ್ ಇತ್ತಂತೆ, ಅದು ತಪ್ಪಿಹೋಯಿತಂತೆ. ಈ ವಿಷಯ ನನಗೆ ಬೇರೆಯವರಿಂದ ಗೊತ್ತಾಗಿದ್ದು. ರಾತ್ರಿಯ ಕೆಲಸಕ್ಕೆ ದುಡ್ಡು ಕೊಡಲು ಹೋದರೆ, "ಗಾಡಿ ಓಡಿಲ್ಲ, ಬಾಡಿಗೆ ಹೆಂಗಾಗುತ್ತೆ" ಅಂದ. ಥ್ಯಾಂಕ್ಸ್ ಅಂದರೆ ಟೈರ್ ನೋಡುವ ಹಾಗೆ ಬಗ್ಗಿಬಿಡುತ್ತಾನೆ. ಅದಕ್ಕೇ ಇಲ್ಲಿ ಬರೆಯುತ್ತಿರುವುದು. ತಮ್ಮಾ, ಓದಿದ್ರೆ ಓದಿಲ್ಲ ಅಂತ ಸುಳ್ಳು ಹೇಳ್ಬೇಡ. ನಿನ್ನ ಟವೆಲ್ ಒಗೆದು ಇಟ್ಟಿದ್ದೀನಿ, ಬಂದು ತಗೊಂಡು ಹೋಗು.

ಇನ್ನೊಂದು ವಿಷಯ. ಕೊಟ್ಟಿಗೆ ಪಕ್ಕ ಒಂದಷ್ಟು ಹೆಂಚು ಮಿಕ್ಕಿದೆ, ಅದೇ ಹಳೇ ಅಚ್ಚಿನದ್ದು. ಬೇಕಾದವರು ಒಯ್ಯಿರಿ, ದುಡ್ಡು ಬೇಡ. ಬರುವಾಗ ನಿಮ್ಮ ಮಾಡಿನ ಒಂದು ಹೆಂಚು ತಂದು ಜೋಡಿಸಿ ನೋಡಿ, ಸುಮ್ನೆ ಹೊತ್ತುಕೊಂಡು ಹೋಗಬೇಡಿ. ಗಾಡಿಗೆ ಯಾರನ್ನು ಕರೆಯಬೇಕು ಅಂತ ಈಗ ಗೊತ್ತಾಯಿತಲ್ಲ. ಬಾಡಿಗೆಯಲ್ಲಿ ಮಾತ್ರ ಚೌಕಾಸಿ ಮಾಡಬೇಡಿ.