ಚೆರಿಯನ್ನು ಹೊಳೆಗೆ ಬಿಡಲಾರೆ

ಪುಟ್ಟಿ,

ನಿನ್ನೆ ರಾತ್ರಿ ಫೋನ್ ಇಟ್ಟದ್ದು ನಾನೇ. ನೆಟ್‌ವರ್ಕ್ ಹೋಯಿತು ಅಂತ ಬೆಳಿಗ್ಗೆ ಮೆಸೇಜ್ ಹಾಕಿದ್ದು ಸುಳ್ಳು. "ಒಂದು ಮೀನಿಗೋಸ್ಕರ ನನ್ನ ಕಳಿಸೋಕೆ ಏರ್‌ಪೋರ್ಟಿಗೆ ಬರಲ್ವಾ ಅಮ್ಮ? ಯಾರಿಗಾದ್ರೂ ಕೊಡು, ಇಲ್ಲಾ ಹೊಳೆಗೆ ಬಿಡು" ಅಂದೆಯಲ್ಲ, ಆ ಹೊಳೆಯ ಮಾತಿಗೆ ಎದೆ ಉರಿಯಿತು. ಇನ್ನೆರಡು ನಿಮಿಷ ಮಾತಾಡಿದ್ದರೆ ಬಾಯಿಗೆ ಬಂದದ್ದು ಅಂದುಬಿಡುತ್ತಿದ್ದೆ. ಫೋನಿನಲ್ಲಿ ನನಗೆ ಮಾತು ನೆಟ್ಟಗೆ ಬರುವುದಿಲ್ಲ, ಅದಕ್ಕೇ ಈ ಕಾಗದ.

ಮೊದಲು ಹೊಳೆಯ ವಿಷಯ. ಚೆರಿ ನಮ್ಮ ನೀರಿನ ಜೀವ ಅಲ್ಲ. ಅವನ ಮೂಲ ಥಾಯ್ಲೆಂಡ್ ಕಡೆಯ ಗದ್ದೆ, ಕಾಲುವೆ. ನಮ್ಮ ಅಂಗಡಿಗಳಲ್ಲಿ ಫೈಟರ್ ಮೀನು ಅನ್ನುವ ಅವನ ಜಾತಿಗೆ ಅಲ್ಲಿ 'ಪ್ಲಾ ಕಟ್' ಅನ್ನುತ್ತಾರೆ, ಕಚ್ಚುವ ಮೀನು ಅಂತ ಅರ್ಥ. 2019ರಲ್ಲಿ ಅವರ ಸರ್ಕಾರ ಅದನ್ನು ರಾಷ್ಟ್ರೀಯ ಜಲಚರ ಅಂತ ಘೋಷಿಸಿತು. ಗದ್ದೆಯೇನೋ ನಮ್ಮಲ್ಲೂ ಇದೆ, ಆದರೆ ಅವನಿಗೆ ಬೇಕಾದದ್ದು 25-26 ಡಿಗ್ರಿಯ ಬಿಸುಪು. ಈ ಡಿಸೆಂಬರಿನಲ್ಲಿ ನಮ್ಮ ಹೊಳೆಗೆ ಕಾಲಿಟ್ಟರೆ ನಮಗೇ ಮೂಳೆ ಕೊರೆಯುತ್ತದೆ. ಒಂದು ವೇಳೆ ಬದುಕಿಕೊಂಡರೂ ಅಂಗಡಿ ಮೀನಿನ ರೋಗ ಹೊಳೆಯ ಮೀನುಗಳಿಗೆ ಅಂಟಬಹುದು. ಸಾಕಿದ ಮೀನನ್ನು ಹೊಳೆಗೆ, ಕೆರೆಗೆ ಬಿಡಬಾರದು ಅಂತ ನನಗೆ ಹೇಳಿಕೊಟ್ಟವಳು ನೀನೇ. ಸಿಟ್ಟಿನಲ್ಲಿ ಅಂದದ್ದು ಅಂತ ಗೊತ್ತು. ಆದರೂ ಅನ್ನಬಾರದಿತ್ತು.

ಈಗ ನಾನು ಮುಚ್ಚಿಟ್ಟದ್ದನ್ನು ಹೇಳುತ್ತೇನೆ. ಜುಲೈಯಲ್ಲಿ ಚೆರಿ ಸಾಯುವ ಹಾಗಾಗಿದ್ದ. ತಪ್ಪು ನನ್ನದೇ.

ನೀನು ಹೇಳಿದ್ದೆ, ವಾರಕ್ಕೊಮ್ಮೆ ಕಾಲು ಭಾಗ ನೀರು ಮಾತ್ರ ತೆಗಿ, ಫಿಲ್ಟರಿನ ಸ್ಪಂಜನ್ನು ಅದೇ ನೀರಿನಲ್ಲಿ ಹಿಂಡು ಅಂತ. ನನಗೆ ಗಾಜಿನ ಮೇಲಿನ ಪಾಚಿ ನೋಡಿ ನಾಚಿಕೆಯಾಯಿತು. ನೆಂಟರು ಬರುವವರಿದ್ದರು. ಇಪ್ಪತ್ತು ಲೀಟರನ್ನೂ ಚೆಲ್ಲಿ, ಕಲ್ಲು, ಸ್ಪಂಜು ಎಲ್ಲ ತಿಕ್ಕಿ ತೊಳೆದು, ಒರತೆಯ ಪೈಪಿನ ನೀರು ತುಂಬಿದೆ. ಮೀನಿನ ಹೇಸಿಗೆಯಿಂದ ಏಳುವ ಅಮೋನಿಯಾ ಅನ್ನುವ ವಿಷವನ್ನು ಅಷ್ಟು ಕೆಡುಕಿಲ್ಲದ್ದಾಗಿ ಬದಲಾಯಿಸುವ ಸೂಕ್ಷ್ಮಜೀವಿಗಳು ಆ ಸ್ಪಂಜಿನಲ್ಲೇ ಇದ್ದವು, ಅವನ್ನೆಲ್ಲ ನನ್ನ ಕೈಯಾರೆ ತೊಳೆದು ಚರಂಡಿಗೆ ಬಿಟ್ಟೆ. ಹೀಟರ್ ಇದೆಯಲ್ಲ, ಬಿಸಿಯಾಗುತ್ತದೆ ಅಂದುಕೊಂಡೆ. ಅದೇ ಸಂಜೆ ಲೈನಿನ ಮೇಲೆ ಮರ ಬಿತ್ತು. ಕರೆಂಟ್ ಬಂದದ್ದು ನಾಲ್ಕನೆಯ ದಿನ.

ನಮ್ಮ ಕೊಡಗಿನ ಕಕ್ಕಡ ತಿಂಗಳ ಮಳೆ ಹೇಗೆ ಅಂತ ನಿನಗೆ ಬರೆಯಬೇಕಿಲ್ಲ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದ ವಿಷಯವೂ ಬೇಡ. ಆಮೇಲಿಂದ ಮಳೆಯ ರಾತ್ರಿ ನಾನು ಮಲಗುವುದಿಲ್ಲ, ಅದು ನಿನಗೆ ಗೊತ್ತು.

ಥರ್ಮಾಮೀಟರ್ 18 ತೋರಿಸಿತು. ಚೆರಿ ತಳದಲ್ಲಿ ಒಂದು ಪಕ್ಕಕ್ಕೆ ಮಲಗಿದ್ದ. ಕಾಫಿ ಹಣ್ಣಿನ ಆ ಕೆಂಪೆಲ್ಲ ಇಳಿದು ನೆನೆದ ಸಿಪ್ಪೆಯ ಬಣ್ಣವಾಗಿತ್ತು. ಒಲೆ ಹೊತ್ತಿಸಿದೆ. ಉಪ್ಪಿನಕಾಯಿಯ ದೊಡ್ಡ ಗಾಜಿನ ಭರಣಿ ತೊಳೆದು, ಟ್ಯಾಂಕಿನ ನೀರಿನ ಸಮೇತ ಅವನನ್ನು ಅದಕ್ಕೆ ಇಳಿಸಿ, ಭರಣಿಯನ್ನು ಉಗುರುಬೆಚ್ಚಗಿನ ನೀರಿನ ಪಾತ್ರೆಯಲ್ಲಿಟ್ಟೆ. ಒಮ್ಮೆಲೇ ಬಿಸಿ ಮಾಡಿದರೂ ಅಪಾಯ. ಗಂಟೆಗೆ ಒಂದು ಡಿಗ್ರಿಯ ಲೆಕ್ಕದಲ್ಲಿ ಏರಿಸಬೇಕು ಅಂತ, ಹಂಡೆಯಿಂದ ಒಂದೊಂದೇ ಚೊಂಬು ಹೊಯ್ದೆ, ತಣಿದದ್ದನ್ನು ಚೆಲ್ಲಿದೆ, ಮತ್ತೆ ಹೊಯ್ದೆ.

ಈ ಮೀನಿಗೆ ಕಿವಿರಿನ ಜೊತೆ ತಲೆಯೊಳಗೆ ಇನ್ನೊಂದು ಉಸಿರಿನ ಅಂಗ ಇದೆ. ಮೇಲೆ ಬಂದು ಬಾಯಿ ತೆರೆದು ನಮ್ಮ ಹಾಗೇ ಗಾಳಿ ತೆಗೆದುಕೊಳ್ಳುತ್ತದೆ, ನಿಂತ ನೀರಿನಲ್ಲಿ ಬದುಕುವುದೇ ಹಾಗೆ. ಅವನು ಒಮ್ಮೆ ಮೇಲೆ ಬಂದು ಹೋದ ಮೇಲೆ ನಾನು ಎಣಿಸಲು ಕೂತೆ. ನೂರು. ಇನ್ನೂರು. ಸೀಮೆಎಣ್ಣೆ ದೀಪ ಹತ್ತಿರ ಹಿಡಿದರೂ ಕದಲಿಕೆ ಇಲ್ಲ. ಮುನ್ನೂರ ನಲವತ್ತಕ್ಕೆ ಎದ್ದ, ಮೇಲಕ್ಕೆ ಬಂದ, ಒಂದು ಗುಟುಕು ಗಾಳಿ, ಮತ್ತೆ ತಳಕ್ಕೆ ಬಿದ್ದ. ನಾನು ಮತ್ತೆ ಒಂದರಿಂದ ಶುರುಮಾಡಿದೆ. ಹೊರಗೆ ಗುಡ್ಡದ ಬರೆಯ ಕಡೆಯಿಂದ ಏನೋ ಸದ್ದು. ಬೇರೆ ವರ್ಷಗಳಾಗಿದ್ದರೆ ಟಾರ್ಚ್ ಹಿಡಿದು ಅಂಗಳಕ್ಕೆ ಹೋಗಿ ಗುಡ್ಡ ನೋಡುತ್ತಾ ನಿಲ್ಲುತ್ತಿದ್ದೆ. ಆ ರಾತ್ರಿ ಎದ್ದರೆ ಎಣಿಕೆ ತಪ್ಪುತ್ತದಲ್ಲ ಅಂತ ಕೂತೇ ಇದ್ದೆ. ಬೆಳಗಿನ ಜಾವ ಎಣಿಕೆ ಅರುವತ್ತಕ್ಕೆ ಇಳಿಯಿತು. ಪುಟ್ಟಿ, ಏಳು ವರ್ಷದಲ್ಲಿ ಮೊದಲ ಸಲ ಒಂದು ಮಳೆಯ ರಾತ್ರಿ ನಾನು ಗುಡ್ಡದ ಕಡೆ ಕಿವಿ ಇಡಲಿಲ್ಲ. ಇದನ್ನು ನಿನಗೆ ಹೇಗೆ ಹೇಳಬೇಕು ಅಂತ ಗೊತ್ತಾಗದೆ ಐದು ತಿಂಗಳು ಸುಮ್ಮನಿದ್ದೆ. ಮೂರು ರಾತ್ರಿ ಹಾಗೇ ಕಳೆಯಿತು. ಎರಡನೆಯ ರಾತ್ರಿ ಒಲೆಯ ಮುಂದೆ ತೂಕಡಿಸಿ, ಎಚ್ಚರವಾದಾಗ ನೀರು 20ಕ್ಕೆ ಇಳಿದಿತ್ತು. ಆಗ ಜೋರಾಗಿ ಅತ್ತೆ. ಯಾರಿದ್ದರು ಕೇಳಲಿಕ್ಕೆ.

ಬಾಲದ ಅಂಚು ಹರಿದು ಹೋಗಿತ್ತು. ತಿಂಗಳಾದ ಮೇಲೆ ಹೊಸದು ಬಂತು, ಮೊದಲು ಬಣ್ಣವೇ ಇಲ್ಲದೆ ಗಾಜಿನ ಹಾಗೆ. ಆಗ ನೀನು ವಿಡಿಯೋದಲ್ಲಿ "ಬಾಲ ಯಾಕೆ ಹಾಗಿದೆ" ಅಂತ ಕೇಳಿದಾಗ ಬೆಳಕಿಗೆ ಹಾಗೆ ಕಾಣುತ್ತೆ ಅಂದೆ. ಕ್ಷಮಿಸು.

ನೀನು ಅವನನ್ನು ಮೈಸೂರಿನಿಂದ ಅಂಗೈಯಗಲದ ಪ್ಲಾಸ್ಟಿಕ್ ಲೋಟದಲ್ಲಿ ತಂದು "ನಿಂಗೆ ಜೊತೆಗಿರ್ಲಿ" ಅಂದಾಗ, ಮೀನು ಎಂಥ ಜೊತೆ ಅಂದಿದ್ದೆ. ಈಗ ಹೇಳುತ್ತೇನೆ. ನಾನು ತೋಟದಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಗಾಜಿನ ಮುಂಭಾಗಕ್ಕೆ ಬಂದು ಮೈಯೆಲ್ಲ ಅಲ್ಲಾಡಿಸುತ್ತಾನೆ. ಕೊಯ್ಲಿನ ಹೆಂಗಸರು ಒಳಗೆ ಬಂದರೆ ಗಿಡದ ಹಿಂದೆ. ಸ್ಟೀಲ್ ಚೊಂಬು ಹತ್ತಿರ ಇಟ್ಟರೆ ತನ್ನದೇ ನೆರಳಿಗೆ ಕಿವಿರು ಅಗಲಿಸಿ ಜಗಳಕ್ಕೆ ನಿಲ್ಲುತ್ತಾನೆ, ಆಯಾಸ ಆಗಬಾರದು ಅಂತ ತೆಗೆದುಬಿಡುತ್ತೇನೆ. ಕಾಳು ಹಾಕಿದರೆ ಮೊದಲನೆಯದನ್ನು ಉಗುಳಿ, ನನ್ನನ್ನು ನೋಡಿ, ಮತ್ತೆ ನುಂಗುವುದು. ರಾತ್ರಿ ಬಾದಾಮಿ ಎಲೆಯ ಮೇಲೆ ಒರಗಿ ಮಲಗುತ್ತಾನೆ. ಮೊನ್ನೆ ಮೂಲೆಯಲ್ಲಿ ಗುಳ್ಳೆಯ ಗೂಡು ಕಟ್ಟಿದ್ದ. ಹೆಣ್ಣಿಲ್ಲದಿದ್ದರೂ ಗಂಡು ಕಟ್ಟುತ್ತದೆ, ಅದು ಅದರ ಸ್ವಭಾವ. ಸಂತೋಷಕ್ಕೆ ಕಟ್ಟಿದ ಅಂತ ನಾನು ಹೇಳಲಾರೆ. ನನಗೆ ಮಾತ್ರ ಸಂತೋಷವಾಯಿತು. ಎರಡೂವರೆ ವರ್ಷದವನು, ಈ ಜಾತಿಗೆ ಮೂರು ವರ್ಷ ಅಂದರೆ ಮುಪ್ಪು. ಗೊತ್ತಿದೆ ನನಗೆ.

ನಿನ್ನ ವಿಷಯ. ಜರ್ಮನ್ ಕಲಿತು, ಪರೀಕ್ಷೆ ಮುಗಿಸಿ, ರಾತ್ರಿ ಪಾಳಿಯ ನಡುವೆ ಇದನ್ನೆಲ್ಲ ಮಾಡಿಕೊಂಡೆ. ಮಾದಾಪುರ ಪೇಟೆಯಲ್ಲಿ ಯಾರು ಸಿಕ್ಕಿದರೂ ನಾನಾಗಿಯೇ ಹೇಳುತ್ತೇನೆ. ಅಲ್ಲಿ ಹೋಗಿ ಹೀಟರಿಗೆ ದುಡ್ಡು ಲೆಕ್ಕ ಹಾಕಬೇಡ. ರೂಮು ಬೆಚ್ಚಗಿರಲಿ. ಬ್ರೆಡ್ ತಿಂದು ಪಾಳಿಗೆ ಓಡಬೇಡ, ಅಕ್ಕಿ ಬೇಯಿಸಿಕೋ. ಮೈ ಸರಿಯಿಲ್ಲದಿದ್ದರೆ ಅಮ್ಮನಿಗೆ ಯಾಕೆ ಹೇಳೋದು ಅಂತ ಮುಚ್ಚಿಡಬೇಡ. ರಾತ್ರಿ ಒಬ್ಬಳೇ ನಡೆಯಬೇಡ. ಚೆರಿಗೆ ಒಬ್ಬನೇ ಇರುವುದು ಸರಿ, ಇನ್ನೊಂದು ಗಂಡನ್ನು ಬಿಟ್ಟರೆ ಕಚ್ಚಾಡಿ ಸಾಯುತ್ತವೆ. ನೀನು ಹಾಗಲ್ಲ, ಚಿಕ್ಕಂದಿನಿಂದ ಮೂರು ಜನ ಸೇರಿಸಿಕೊಂಡೇ ಊಟಕ್ಕೆ ಕೂರುವವಳು. ಅಲ್ಲಿ ಯಾರನ್ನಾದರೂ ಹುಡುಕಿಕೋ. ಮತ್ತೆ ಬೋಧನೆ ಶುರುವಾಯಿತು, ನಿನ್ನ ಮುಖ ಕಾಣುತ್ತಿದೆ. ಓದಿಕೋ ಅಷ್ಟೆ.

ಏರ್‌ಪೋರ್ಟಿಗೆ ಬರಲ್ಲ ಅಂದದ್ದು ಚೆರಿಗೋಸ್ಕರ ಅಲ್ಲ. ಕೊಯ್ಲಿಗೂ ಅಲ್ಲ, ಅರೇಬಿಕಾ ಮುಗಿಯುತ್ತಾ ಬಂತು. ಗಾಜಿನ ಬಾಗಿಲಿನ ಆಚೆ ನೀನು ಹೋಗುವುದನ್ನು ಈಚೆ ನಿಂತು ನೋಡಲು ಹೆದರಿಕೆ. ಅಪ್ಪನೂ ಆವತ್ತು ಈಗ ಬಂದೆ ಅಂತಲೇ ಹೋದದ್ದು.

ಆರೋಗ್ಯವಾಗಿರುವ ಮೀನು ಮೂರು ದಿನ ಉಪವಾಸ ಇದ್ದರೆ ಏನೂ ಆಗುವುದಿಲ್ಲ. ಹೀಟರಿಗೆ ಇನ್ವರ್ಟರಿನ ಲೈನ್ ಎಳೆಸಿದ್ದೇನೆ. ಪಕ್ಕದ ಮನೆಯವರು ದಿನಕ್ಕೊಮ್ಮೆ ಬಂದು ಥರ್ಮಾಮೀಟರ್ ನೋಡಿ ಫೋನ್ ಮಾಡುತ್ತೇನೆ ಅಂದಿದ್ದಾರೆ. ಫ್ಲೈಟಿನ ತಾರೀಖು, ಹೊತ್ತು ಕಳಿಸು. ಮಡಿಕೇರಿಯಿಂದ ಹಿಂದಿನ ದಿನದ ಬಸ್ಸಿಗೆ ಹೊರಡುತ್ತೇನೆ. ಕರಿಮೆಣಸಿನ ಪುಡಿ ಎಷ್ಟು ಬೇಕು ಅಂತಲೂ ಬರೆ.

ನಿನ್ನ ಅಮ್ಮ